ಬರೀ ಅಶಕ್ತಿ ಅಂದುಕೊಂಡಿದ್ದರು

ಆಸ್ಪತ್ರೆಯಿಂದ ಯಾರಾದರೂ ಮನೆಗೆ ಬಂದರೆ ಓಣಿಯವರೆಲ್ಲ ನೋಡಲು ಬರುತ್ತಾರೆ. ಹಣ್ಣು ತರುತ್ತಾರೆ, ಬ್ರೆಡ್ಡು ತರುತ್ತಾರೆ, ಜೊತೆಗೆ ಒಂದೊಂದು ಸಲಹೆಯನ್ನೂ ತರುತ್ತಾರೆ. ರೋಗಿ ಸುಸ್ತಾಗಿ ಕೂತಿದ್ದರೆ, ದೊಡ್ಡ ಆಪರೇಷನ್ ಆಗಿದೆ, ಅಶಕ್ತಿ ಇದ್ದೇ ಇರುತ್ತದೆ ಎಂದು ಧೈರ್ಯ ಹೇಳಿ ಎದ್ದು ಹೋಗುತ್ತಾರೆ. ಎಷ್ಟೋ ಸಲ ಆ ಮಾತು ನಿಜವೇ ಆಗಿರುತ್ತದೆ. ಆದರೆ ಆನೆಗೊಂದಿಯ ದುರುಗವ್ವನ ಮನೆಯಲ್ಲಿ ಅದೇ ಮಾತು ಅವಳ ಜೀವಕ್ಕೆ ಕುತ್ತಾಗುವುದರಲ್ಲಿತ್ತು.

ದುರುಗವ್ವನಿಗೆ ನಲವತ್ತರ ಹತ್ತಿರ ವಯಸ್ಸು. ಗಂಡ ಹೇಮಪ್ಪ ಹೊಳೆದಂಡೆಯ ಬಾಳೆತೋಟ ನೋಡಿಕೊಳ್ಳುತ್ತಾನೆ. ಅವಳು ಊರಿನ ಮಹಿಳಾ ಸಂಘದವರ ಜೊತೆ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾಳೆ. ಒಬ್ಬಳೇ ಮಗಳು ರೂಪಾಳನ್ನು ಹನುಮಸಾಗರಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆ. ಮನೆಯಲ್ಲಿ ಉಳಿದವರು ಗಂಡ, ಹೆಂಡತಿ ಮತ್ತು ಅತ್ತೆ ಹುಲಿಗೆವ್ವ.

ಚಿಕ್ಕವಳಿದ್ದಾಗ ದುರುಗವ್ವನಿಗೆ ಮೇಲಿಂದ ಮೇಲೆ ಗಂಟಲು ನೋವು, ಜ್ವರ, ಕೀಲುಗಳಲ್ಲಿ ಬಾವು ಬರುತ್ತಿತ್ತು. ಬಂದಷ್ಟೇ ಬೇಗ ಹೋಗುತ್ತಿದ್ದುದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆ ಜ್ವರ ಒಳಗೊಳಗೇ ಅವಳ ಹೃದಯದ ಒಂದು ಕವಾಟವನ್ನು ಹಾಳು ಮಾಡಿತ್ತೆಂದು ಗೊತ್ತಾದದ್ದು ಈಚೆಗೆ, ನಾರಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ನಡೆದರೂ ಅವಳಿಗೆ ಉಸಿರು ಸಾಲದಾದಾಗ. ಗಂಗಾವತಿಯ ಡಾಕ್ಟರು ಕೊಪ್ಪಳಕ್ಕೆ ಕಳಿಸಿದರು, ಕೊಪ್ಪಳದವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆ ತೆರೆದು, ಕೆಟ್ಟ ಕವಾಟ ತೆಗೆದು, ಲೋಹದ ಹೊಸ ವಾಲ್ವ್ ಕೂರಿಸಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೊದಲ ವಾರದಲ್ಲಿ ದುರುಗವ್ವ ಅಂಗಳದಲ್ಲಿ ಅಡ್ಡಾಡಿದಳು. ಮೆತ್ತಗಿನ ರೊಟ್ಟಿ, ಬೇಳೆ ಪಲ್ಯ ಉಂಡಳು. ನೋಡಲು ಬಂದವರ ಜೊತೆ ನಗುತ್ತಾ ಮಾತಾಡಿದಳು. ಸೊಸೆ ಉಳಿದು ಬಂದಳೆಂದು ಹುಲಿಗೆವ್ವ ಹುಲಿಗೆಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಹೇಮಪ್ಪ ಮತ್ತೆ ತೋಟಕ್ಕೆ ಹೋಗತೊಡಗಿದ.

ಆಮೇಲೆ ಏನೋ ಬದಲಾಯಿತು.

ಮೊದಲು ಊಟ ಸೇರದಾಯಿತು. ಒಗ್ಗರಣೆಯ ವಾಸನೆ ಬಂದರೆ ದುರುಗವ್ವ ಮುಖ ತಿರುಗಿಸುವಳು. ನಂತರ ಸ್ನಾನ ಮಾಡಿ ಬಂದರೆ ಸೀರೆ ಉಡುವುದಕ್ಕೂ ತ್ರಾಣವಿಲ್ಲದೆ ಕೂತುಬಿಡುವಳು. ಮೊನ್ನೆ ಅಂಗಳ ಸುತ್ತುತ್ತಿದ್ದವಳಿಗೆ ಈಗ ಬಾಗಿಲವರೆಗೆ ಹೋಗುವುದೇ ದೊಡ್ಡದಾಯಿತು. ರಾತ್ರಿ ಮಲಗದೆ ಗೋಡೆಗೆ ಆತು ಕೂರುವಳು. ಹೇಮಪ್ಪ ಕೇಳಿದರೆ ಸೆಕೆ ಎನ್ನುವಳು. ಗಾಯ ಎಳೆಯುತ್ತದೆ, ಹೀಗೆ ಕೂತರೆ ಹಿತ ಎನ್ನುವಳು. ಹನುಮಸಾಗರದಿಂದ ಮಗಳ ಫೋನ್ ಬಂದರೆ ತಕ್ಷಣ ಎತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಉಸಿರು ಕೂಡಿಸಿಕೊಂಡು, ತಾನೇ ತಿರುಗಿ ಫೋನ್ ಮಾಡಿ ಆರಾಮ ಇದ್ದೇನೆ ಎಂದು ಹೇಳಿ ಬೇಗ ಇಟ್ಟುಬಿಡುವಳು.

ಹೇಮಪ್ಪನಿಗೆ ಒಳಗೊಳಗೇ ಅಂಜಿಕೆ ಹುಟ್ಟಿತ್ತು. ಬಿಡುಗಡೆಯ ದಿನ ಆಸ್ಪತ್ರೆಯ ಸಿಸ್ಟರ್ ಭವಾನಿ ಅವನ ಮೊಬೈಲಿನಲ್ಲಿ ತಮ್ಮ ವಾರ್ಡಿನ ನಂಬರನ್ನು ತಾವೇ ಒತ್ತಿ ಉಳಿಸಿ ಕೊಟ್ಟಿದ್ದರು. ಏನೇ ಹೆಚ್ಚುಕಡಿಮೆ ಅನ್ನಿಸಿದರೂ ಫೋನ್ ಮಾಡಿ ಎಂದಿದ್ದರು. ಹೇಮಪ್ಪ ಆ ನಂಬರನ್ನು ತೆಗೆದು ನೋಡುವನು, ಮತ್ತೆ ಮೊಬೈಲನ್ನು ಜೇಬಿಗೆ ಹಾಕುವನು. ಫೋನ್ ಮಾಡಿದರೆ ಬನ್ನಿ ಎನ್ನುತ್ತಾರೆ. ಹೋದರೆ ಏನು ಹೇಳುತ್ತಾರೋ. ಹೊಸ ವಾಲ್ವ್ ಕೆಟ್ಟಿದೆ ಎಂದುಬಿಟ್ಟರೆ? ಹೇಳದಿದ್ದರೆ ಇಲ್ಲದಂತೆಯೇ ಎಂದು ಅವನ ಮನಸ್ಸು ಸುಮ್ಮನಾಗುತ್ತಿತ್ತು.

ಹುಲಿಗೆವ್ವ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ನುಚ್ಚಿನ ಗಂಜಿ ಮಾಡಿ ಕುಡಿಸಿದಳು. ಬಂದುಹೋದವರ ಕಣ್ಣು ತಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ದಿನಾ ಸಂಜೆ ಕೊಡುವ, ರಕ್ತ ತೆಳ್ಳಗೆ ಮಾಡುವ ಗುಳಿಗೆಯ ಮೇಲೂ ಅವಳಿಗೆ ಅನುಮಾನ ಬಂತು. ರಕ್ತ ನೀರಾದರೆ ಶಕ್ತಿ ಎಲ್ಲಿಂದ ಬರಬೇಕು ಎಂಬುದು ಅವಳ ಲೆಕ್ಕ. ನಾಲ್ಕು ದಿನ ಆ ಗುಳಿಗೆ ಬಿಟ್ಟು ನೋಡೋಣ ಎಂದು ಮಗನಿಗೆ ಹೇಳಿದಳು. ಹೇಮಪ್ಪ ಹೂಂ ಅನ್ನದೆ ಅಂದಿನ ಗುಳಿಗೆಯನ್ನು ಹೆಂಡತಿಗೆ ಕೊಟ್ಟ.

ಪಕ್ಕದ ಊರಿನಲ್ಲಿ ಮನೆಮನೆಗೆ ಹೋಗಿ ಸೂಜಿ ಹಾಕುವ ಒಬ್ಬಾತನಿದ್ದ. ಅವನನ್ನು ಕರೆಸಿದರು. ಅವನು ಬಾಗಿಲಲ್ಲಿ ನಿಂತೇ ದುರುಗವ್ವನನ್ನು ನೋಡಿ, ಅಶಕ್ತಿಯಾಗಿದೆ, ನಾಳೆ ಬಂದು ಸಲಾಯಿನ್ ಹಚ್ಚುತ್ತೇನೆ, ಮೈಕೈ ನೋವಿಗೆ ಒಂದು ಇಂಜೆಕ್ಷನ್ ಕೊಡುತ್ತೇನೆ ಎಂದು ಹೇಳಿ ಹೋದ. ಹೆಸರಿಲ್ಲದ ಭಯಕ್ಕೆ ಅವನೊಂದು ಹೆಸರು ಕೊಟ್ಟು ಹೋದಂತಾಯಿತು. ಅಂದು ಹೇಮಪ್ಪ ಸ್ವಲ್ಪ ನೆಮ್ಮದಿಯಿಂದ ಉಂಡ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅನೀಸಾ ಬಂದಳು. ಅವಳು ಬಟ್ಟೆ ಹೊಲಿಯುವವಳು. ಮಗಳ ಬಾಣಂತನಕ್ಕೆಂದು ಕೊಪ್ಪಳಕ್ಕೆ ಹೋಗಿದ್ದಳು, ಹಿಂದಿನ ಸಂಜೆಯಷ್ಟೇ ಊರಿಗೆ ಬಂದಿದ್ದಳು. ಅವಳ ಗಂಡ ಇಲಿಯಾಸನಿಗೂ ಕೆಲವು ವರ್ಷಗಳ ಹಿಂದೆ ಇಂಥದೇ ವಾಲ್ವ್ ಹಾಕಿದ್ದರು. ಅವನು ಈಗಲೂ ಗಂಗಾವತಿಗೆ ಸಾಮಾನಿನ ಗಾಡಿ ಹೊಡೆದುಕೊಂಡು ಗಟ್ಟಿಯಾಗಿದ್ದಾನೆ. ದುರುಗವ್ವ ಆಪರೇಷನ್ನಿಗೆ ಒಪ್ಪಿದ್ದೇ ಅವನನ್ನು ನೋಡಿ.

ಅನೀಸಾ ನಗುತ್ತಾ ಒಳಗೆ ಬಂದವಳು ದುರುಗವ್ವನನ್ನು ನೋಡಿದೊಡನೆ ನಗು ನಿಲ್ಲಿಸಿದಳು. ದುರುಗವ್ವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪಾದಗಳು ಊದಿ ಕಾಲುಂಗುರ ಬೆರಳಿಗೆ ಕಚ್ಚಿತ್ತು. ನೆಟ್ಟಗೆ ಕೂತಿದ್ದರೂ ಕುತ್ತಿಗೆಯ ನರ ಉಬ್ಬಿ ಎದ್ದು ಕಾಣುತ್ತಿತ್ತು. "ಯಾವಾಗ ಬಂದಿ..." ಎಂದು ದುರುಗವ್ವ ಕೇಳಲು ಹೋದಳು. ಮಾತು ಮುಗಿಯುವ ಮೊದಲೇ ಉಸಿರು ಮುಗಿಯಿತು.

ಅನೀಸಾ ಅವಳ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಎಣಿಸಲಾರದಷ್ಟು ಬೇಗ ಓಡುತ್ತಿತ್ತು, ದಾರದಷ್ಟು ತೆಳ್ಳಗಿತ್ತು. ಆಸ್ಪತ್ರೆಗೆ ಫೋನ್ ಮಾಡಿದ್ದೀರಾ ಎಂದು ಅವಳು ಹೇಮಪ್ಪನನ್ನು ಕೇಳಿದಳು. ಅವನು ಇಲ್ಲ ಎಂದ. ಹುಲಿಗೆವ್ವ ನಡುವೆ ಬಾಯಿ ಹಾಕಿ, ಅಶಕ್ತಿ ಅಷ್ಟೇ, ಸಲಾಯಿನ್ ಹಚ್ಚುವವನು ಇನ್ನೇನು ಬರುತ್ತಾನೆ ಎಂದಳು.

"ಯವ್ವಾ, ಅಶಕ್ತಿ ಅಂದ್ರ ದಿನದಿಂದ ದಿನಕ್ಕ ಕಮ್ಮಿ ಆಗಬೇಕು," ಎಂದಳು ಅನೀಸಾ. "ಈಕೀದು ಹೆಚ್ಚಾಗಾಕತ್ತೈತಿ. ನಮ್ಮ ಮನಿಯವರೂ ಎದಿ ಕೊಯ್ಸಿಕೊಂಡು ಬಂದವರಽ. ಸುಸ್ತು ಇತ್ತು. ಆದ್ರ ಇವತ್ತಿಗಿಂತ ನಾಳೆ ಛಲೋ ಅದೀನಿ ಅಂತಿದ್ರು. ಇದು ಹಂಗಿಲ್ಲ."

ಹುಲಿಗೆವ್ವ ಎದ್ದು ಹೋಗಿ ಬಾಗಿಲಿಗೆ ಅಡ್ಡವಾಗಿ ಕೂತಳು. ಅನೀಸಾ ಹೇಮಪ್ಪನ ಕೈಯಿಂದ ಮೊಬೈಲು ತೆಗೆದುಕೊಂಡು, ಆಸ್ಪತ್ರೆಯ ನಂಬರಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಮಾಡಿದಳು. ಎತ್ತಿದವರು ಸಿಸ್ಟರ್ ಭವಾನಿಯೇ. ಹೇಮಪ್ಪ ಹೆಸರು ಹೇಳಿ, ಸ್ವಲ್ಪ ಅಶಕ್ತಿ ಇದೆ ಎಂದು ಶುರು ಮಾಡಿದ. ಸಿಸ್ಟರ್ ಅವನ ಮಾತನ್ನು ಅಲ್ಲಿಗೇ ತಡೆದರು.

"ಹೇಮಪ್ಪನವರ, ಫೋನ್ ದುರುಗವ್ವನ ಕೈಯಾಗ ಕೊಡ್ರಿ. ನಾ ಅವರ ಕೂಡನ ಮಾತಾಡ್ತೀನಿ."

ಮೊಬೈಲು ದುರುಗವ್ವನ ಕೈಗೆ ಬಂತು.

"ದುರುಗವ್ವ, ಅಂಗಾತ ಮಲಗಿದ್ರ ಉಸಿರು ಸಿಗ್ತೈತೇನ್ರಿ?"

ದುರುಗವ್ವ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. "ಇಲ್ರಿ ಸಿಸ್ಟರ್," ಎಂದಳು. "ಮಲಗಿದ್ರ ಯಾರೋ ಎದಿ ಮ್ಯಾಲೆ ಕುಂತಂಗ ಆಗ್ತೈತಿ. ಗ್ವಾಡಿಗೆ ಆತು ಕುಂದರ್ತೀನಿ."

"ಎದ್ದು ನಿಂತ್ರ?"

"ಕಣ್ಣಿಗೆ ಕತ್ತಲಿ ಬರ್ತೈತಿ. ನಿನ್ನೆ ಬಚ್ಚಲದಾಗ ಬೀಳಾಕ ಹೋಗಿದ್ನಿ. ಗ್ವಾಡಿ ಹಿಡ್ಕೊಂಡ್ನಿ."

ಸಿಸ್ಟರ್ ಇನ್ನೂ ಕೇಳುತ್ತಾ ಹೋದರು. ಒಂದಕ್ಕೆ ಹೋಗುವುದು ಕಡಿಮೆಯಾಗಿದೆಯೇ, ಜ್ವರ ಬಂದಿದೆಯೇ, ಗಾಯದಿಂದ ಏನಾದರೂ ಸೋರುತ್ತಿದೆಯೇ, ಗುಳಿಗೆ ತಪ್ಪಿದೆಯೇ. ಜ್ವರ ಇರಲಿಲ್ಲ, ಗಾಯ ಒಣಗಿತ್ತು, ಗುಳಿಗೆಯೂ ತಪ್ಪಿರಲಿಲ್ಲ. ಆದರೆ ಒಂದಕ್ಕೆ ಹೋಗುವುದು ತೀರಾ ಕಡಿಮೆಯಾಗಿತ್ತು. ಇದೆಲ್ಲ ಯಾವಾಗಿನಿಂದ ಎಂದು ಕೇಳಿದಾಗ ನಾಲ್ಕೈದು ದಿನವಾಯಿತು ಎಂದಳು. ಒಂದೇ ಮನೆಯಲ್ಲಿದ್ದೂ ಇದರಲ್ಲಿ ಅರ್ಧ ಮಾತು ಹೇಮಪ್ಪನಿಗೆ ಗೊತ್ತಿರಲಿಲ್ಲ.

ಸಿಸ್ಟರ್ ಭವಾನಿಯ ದನಿ ಬದಲಾಗಲಿಲ್ಲ, ಆದರೆ ಮಾತು ಚುರುಕಾಯಿತು. ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಈಗಲೇ ನೂರಾ ಎಂಟಕ್ಕೆ ಫೋನ್ ಮಾಡಿ ಕೊಪ್ಪಳಕ್ಕೆ ಹೊರಡಿ, ಅಲ್ಲಿ ಹೃದಯದ ಎಕೋ ಪರೀಕ್ಷೆ ಆಗಬೇಕು ಎಂದರು. ಹೋದ ಕೂಡಲೇ ವಾಲ್ವ್ ಹಾಕಿಸಿದ್ದಾರೆ, ರಕ್ತ ತೆಳ್ಳಗಾಗುವ ಗುಳಿಗೆ ತಗೊಳ್ಳುತ್ತಾರೆ ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಯಾರ ಕೈಯಿಂದಲೂ ಇಂಜೆಕ್ಷನ್ ಹಾಕಿಸಬಾರದು. ಗುಳಿಗೆಯನ್ನು ಬಿಡಬೇಕೋ ಮುಂದುವರಿಸಬೇಕೋ ಎಂಬುದನ್ನು ಡಾಕ್ಟರೇ ಹೇಳುತ್ತಾರೆ. ಇಷ್ಟು ಹೇಳಿ, ನಾನು ಕೊಪ್ಪಳದ ಡಾಕ್ಟರಿಗೆ ಮೊದಲೇ ತಿಳಿಸಿರುತ್ತೇನೆ ಎಂದರು.

ಬಾಗಿಲಲ್ಲಿ ಕೂತಿದ್ದ ಹುಲಿಗೆವ್ವ ಏಳಲಿಲ್ಲ.

"ನಾ ಕಳಿಸೂದಿಲ್ಲ," ಎಂದಳು. "ನನ್ನ ತಂಗೀನೂ ಒಮ್ಮೆ ದವಾಖಾನಿಗೆ ಹೋಗಿ ಛಲೋ ಆಗಿ ಬಂದಿದ್ಲು. ಎರಡನೇ ಸಲ ಕರ್ಕೊಂಡು ಹೋದ್ರು. ಹೆಣಾ ತಂದ್ರು. ಈಕೀನ್ನ ಮತ್ತ ಕೊಯ್ಯಾಕ ಕೊಡೂದಿಲ್ಲ."

ಹುಲಿಗೆವ್ವ ಇಷ್ಟು ದಿನ ಗಂಜಿ ಕುಡಿಸಿ, ಇಳಿ ತೆಗೆದು ಓಡಾಡಿದ್ದು ಯಾಕೆಂದು ಹೇಮಪ್ಪನಿಗೆ ಆಗ ತಿಳಿಯಿತು. ಅನೀಸಾ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಏನೂ ಆಗೂದಿಲ್ಲ ಅಂತ ನಾ ನಿಮಗ ಮಾತು ಕೊಡಾಕ ಆಗೂದಿಲ್ಲ ಯವ್ವಾ. ನಂಗೂ ಅಂಜಿಕಿ ಐತಿ. ಆದ್ರ ಇಲ್ಲೇ ಇಟ್ಕೊಂಡು ಕುಂತ್ರ ಏನಾಗ್ತೈತಿ ಅಂಬೋದಕ್ಕ ಇನ್ನೂ ಭಾಳ ಅಂಜಿಕಿ ಬರ್ತೈತಿ."

ಆಗ ಗೋಡೆಗೆ ಆತಿದ್ದ ದುರುಗವ್ವ ಬಾಯಿ ಬಿಟ್ಟಳು. ಅವಳು ಇಷ್ಟು ದಿನ ಯಾರಿಗೂ ಹೇಳದ ಮಾತು ಅದು. ಆಪರೇಷನ್ ಆದ ಮೇಲೆ ಐ.ಸಿ.ಯು.ನಲ್ಲಿ ಎಚ್ಚರವಾದಾಗ ಅವಳ ಗಂಟಲಲ್ಲಿ ಕೊಳವೆ ಇತ್ತು. ಕೂಗಬೇಕೆಂದರೂ ದನಿ ಇರಲಿಲ್ಲ. ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮೆತ್ತಗೆ ಕಟ್ಟಿದ್ದರು. ಸತ್ತಿದ್ದೇನೋ ಬದುಕಿದ್ದೇನೋ ಎಂದು ಅವಳಿಗೆ ತಿಳಿಯದ ಹೊತ್ತು ಅದು. ಉಸಿರು ಕಟ್ಟುತ್ತದೆ ಎಂದು ಹೇಳಿದರೆ ಮತ್ತೆ ಅಲ್ಲಿಗೇ ಒಯ್ಯುತ್ತಾರೆಂದು ಮುಚ್ಚಿಟ್ಟೆ ಎಂದಳು. ಹೇಳುತ್ತಾ ಹೇಳುತ್ತಾ ಮೂರು ಸಲ ನಿಂತಳು. ಕೊನೆಗೆ ಗಂಡನ ಕಡೆ ಕೈ ಚಾಚಿದಳು.

"ನಡೀರಿ. ಇಲ್ಲಿ ಕುಂತು ಅಂಜಿ ಸಾಕಾಗೈತಿ. ಅಲ್ಲಿಗೇ ಹೋಗಿ ಅಂಜೂಣು."

ಹುಲಿಗೆವ್ವ ಬಾಗಿಲು ಬಿಟ್ಟು ಎದ್ದಳು.

ಸೂಜಿ ಹಾಕುವವನು ಬರುವ ಮೊದಲೇ ಆಂಬ್ಯುಲೆನ್ಸ್ ಬಂತು. ಹೇಮಪ್ಪನೂ, ಅನೀಸಾ ಮನೆಯಿಂದ ಕರೆಸಿದ್ದ ಇಲಿಯಾಸನೂ ಜೊತೆಗೆ ಹತ್ತಿದರು. ಅನೀಸಾ ಹುಲಿಗೆವ್ವನನ್ನು ಕರೆದುಕೊಂಡು ತನ್ನ ಮನೆಗೆ ಹೋದಳು. ಗಾಡಿಯಲ್ಲಿದ್ದ ಸಿಬ್ಬಂದಿ ಮಲಗಿಸಲು ಹೋದಾಗ ದುರುಗವ್ವ ಒದ್ದಾಡಿದಳು. ಅವರು ತಕ್ಷಣ ತಲೆಯ ಕಡೆ ಎತ್ತರಿಸಿ ಕೂರಿಸಿದಂತೆ ಮಾಡಿ ಆಕ್ಸಿಜನ್ ಹಾಕಿದರು. ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಎಷ್ಟಿದೆ ಎಂದು ಹೇಮಪ್ಪ ಕೇಳಲಿಲ್ಲ. ಅವರು ಡ್ರೈವರಿಗೆ ಬೇಗ ನಡಿ ಎಂದದ್ದಷ್ಟೇ ಅವನ ಕಿವಿಗೆ ಬಿತ್ತು.

ಗಂಗಾವತಿ ದಾಟಿದ ಮೇಲೆ ದುರುಗವ್ವ ಕಣ್ಣು ಮುಚ್ಚತೊಡಗಿದಳು. ಇಲಿಯಾಸ ಅವಳನ್ನು ಮಾತಾಡಿಸುತ್ತಲೇ ಇದ್ದ. ಮಗಳ ಹೆಸರೇನು, ಅಳಿಯನ ಊರು ಯಾವುದು ಎಂದು ತನಗೆ ಗೊತ್ತಿದ್ದುದನ್ನೇ ಕೇಳುವನು. ಅವಳು ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ತಲೆ ಮಾತ್ರ ಅಲ್ಲಾಡಿಸಿದಳು. ಆಮೇಲೆ ಅದೂ ನಿಂತಿತು. ಹೇಮಪ್ಪ ಅವಳ ಪಾದ ಹಿಡಿದುಕೊಂಡು ಕೂತಿದ್ದ. ಪಾದ ತಣ್ಣಗಾಗಿತ್ತು. ಜೇಬಿನಲ್ಲಿದ್ದ ಆ ನಂಬರನ್ನು ನಾಲ್ಕು ದಿನ ಮೊದಲೇ ಒತ್ತಬಹುದಿತ್ತು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಕೊಪ್ಪಳದಲ್ಲಿ ಡಾಕ್ಟರ್ ಶರಣಕುಮಾರ ಕಾಯುತ್ತಿದ್ದರು. ಎದೆಯ ಮೇಲೆ ಎಕೋ ಯಂತ್ರದ ಗುಂಡಿ ಇಟ್ಟು ಪರದೆ ನೋಡಿದರು. ಸ್ವಲ್ಪವೇ ಹೊತ್ತಿನಲ್ಲಿ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಮಾತು ಮುಗಿಸಿ ಹೇಮಪ್ಪನನ್ನು ಪಕ್ಕಕ್ಕೆ ಕರೆದರು.

"ನೋಡ್ರಿ, ಹೊಸಾ ವಾಲ್ವ್ ಛಲೋ ಐತಿ. ಅದಕ್ಕೇನೂ ಆಗಿಲ್ಲ. ಆದ್ರ ಹೃದಯದ ಸುತ್ತ ಒಂದು ತೆಳ್ಳನ್ನ ಚೀಲ ಇರ್ತೈತಿ. ಆ ಚೀಲದಾಗ ನೀರು, ರಕ್ತ ತುಂಬ್ಕೊಂಡು ಹೃದಯಾನ ಹೊರಗಿನಿಂದ ಅಮುಕಾಕತ್ತೈತಿ. ಹೃದಯಕ್ಕ ಅರಳಾಕ ಜಾಗಾನ ಇಲ್ಲ. ಅದಕ್ಕಽ ಉಸಿರು ಸಾಲವಲ್ದು."

ಅದನ್ನು ಹೊರಗೆ ತೆಗೆಯಲೇಬೇಕು, ಆದರೆ ಹೆಚ್ಚಿನದು ಹೃದಯದ ಹಿಂಭಾಗದಲ್ಲಿ ನಿಂತಿದೆ, ಇಲ್ಲಿಂದ ಸೂಜಿ ಹಾಕಿದರೆ ಸುರಕ್ಷಿತವಲ್ಲ, ಆಪರೇಷನ್ ಮಾಡಿದವರ ಹತ್ತಿರವೇ ಹೋಗಬೇಕು ಎಂದು ಅವರು ತಿಳಿಸಿ ಹೇಳಿದರು. ದಾರಿಯಲ್ಲಿ ಬಿ.ಪಿ. ಬೀಳದಂತೆ ಔಷಧಿ ಶುರು ಮಾಡಿ, ಒಬ್ಬ ನರ್ಸನ್ನೂ ಜೊತೆಗೆ ಕೊಟ್ಟರು. ಬದುಕುತ್ತಾಳೇನ್ರಿ ಎಂದು ಹೇಮಪ್ಪ ಕೇಳಿದ. ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು, ಬೇಗ ಹೋಗಿ ಎಂದರು.

ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಸ್ಟ್ರೆಚರು ಒಳಗೆ ಹೋಗುವಾಗ ದುರುಗವ್ವನಿಗೆ ಸ್ವಲ್ಪ ಎಚ್ಚರವಿತ್ತು. ಮೇಲಿನ ದೀಪಗಳನ್ನು ಕಂಡು ಅವಳ ಕಣ್ಣುಗಳು ಅಗಲವಾದವು. ಹೇಮಪ್ಪನಿಂದ ಅವಳ ಅಂಜಿಕೆ ತಿಳಿದ ಸಿಸ್ಟರ್ ಭವಾನಿ ಬಂದು ಕೈ ಹಿಡಿದರು. ಗಂಟಲಿಗೆ ಕೊಳವೆ ಹಾಕುವ ಯೋಚನೆ ಸದ್ಯಕ್ಕಿಲ್ಲ, ಎದೆಗೂಡಿನ ಕೆಳಗಿನ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ನಳಿಕೆ ಇಡುತ್ತಾರೆ, ಬೇರೇನಾದರೂ ಬೇಕಾದರೆ ಮೊದಲು ನಿಮಗೇ ಹೇಳುತ್ತೇವೆ ಎಂದು ಕಿವಿಯ ಹತ್ತಿರ ಬಾಗಿ ಹೇಳಿದರು. ದುರುಗವ್ವ ಆ ಕೈಯನ್ನು ಬಿಡಲಿಲ್ಲ. ಸಿಸ್ಟರ್ ಹಾಗೆಯೇ ಜೊತೆಗೆ ಒಳಗೆ ನಡೆದರು.

ಹೊರಗಿನ ಬೆಂಚಿನಲ್ಲಿ ಹೇಮಪ್ಪ, ಇಲಿಯಾಸ ಕೂತರು. ಆನೆಗೊಂದಿಯಿಂದ ಅನೀಸಾಳ ಫೋನ್ ಬಂತು. ಹುಲಿಗೆವ್ವ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ, ಫೋನು ಮುಟ್ಟಲೂ ಅಂಜುತ್ತಾಳೆ ಎಂದಳು. ಹೇಳಲು ಇವರ ಹತ್ತಿರವೂ ಏನೂ ಇರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಹೇಮಪ್ಪ ಎದ್ದು ನಿಲ್ಲುವನು. ಬೇರೆ ಯಾರನ್ನೋ ಕರೆದು ಬಾಗಿಲು ಮುಚ್ಚುವರು, ಅವನು ಮತ್ತೆ ಕೂರುವನು.

ಕೊನೆಗೆ ಬಂದವರು ಆಪರೇಷನ್ ಮಾಡಿದ ಡಾಕ್ಟರು. ಕಪ್ಪುಗೆಂಪು ಬಣ್ಣದ ನೀರು ಸಾಕಷ್ಟು ಹೊರಗೆ ಬಂದಿದೆ, ಬರುತ್ತಿದ್ದಂತೆಯೇ ಬಿ.ಪಿ. ಏರಿತು, ಉಸಿರು ಹಗುರಾಯಿತು ಎಂದರು. ಹೇಮಪ್ಪ ಒಳಗೆ ಹೋಗಿ ನೋಡಿದ. ದುರುಗವ್ವ ಮಲಗಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಒರಗಿ ಮಲಗಿ ನಿದ್ದೆ ಮಾಡಿದ್ದನ್ನು ಅವನು ಕಂಡ. ಗಂಟಲಲ್ಲಿ ಕೊಳವೆ ಇರಲಿಲ್ಲ. ಅವಳನ್ನು ಎಬ್ಬಿಸದೆ ಹೊರಗೆ ಬಂದು ಅನೀಸಾಳಿಗೆ ಫೋನ್ ಮಾಡಿದ. ಆ ಕಡೆ ಮಾತಿಲ್ಲದೆ ಅಳುವ ದನಿ ಕೇಳಿತು. ಅದು ತಾಯಿಯದು ಎಂದು ಅವನಿಗೆ ಗೊತ್ತಾಯಿತು. ಆಮೇಲೆ ಹನುಮಸಾಗರಕ್ಕೆ ಹಚ್ಚಿ ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದ.

ಎರಡು ದಿನ ಕಳೆದ ಮೇಲೆ ಹೇಮಪ್ಪ ಡಾಕ್ಟರನ್ನು ಕಂಡು, ನಾವೇನು ತಪ್ಪು ಮಾಡಿದೆವು ಎಂದು ಕೇಳಿದ. ರೊಟ್ಟಿ ತಿಂದಿದ್ದಕ್ಕೋ, ಅಂಗಳದಲ್ಲಿ ಅಡ್ಡಾಡಿದ್ದಕ್ಕೋ, ಆ ಗುಳಿಗೆಯಿಂದಲೋ, ಜನ ಬಂದು ಹೋದದ್ದಕ್ಕೋ. ಅವನಿಗೆ ಒಂದು ಕಾರಣ ಬೇಕಿತ್ತು. ಕಾರಣ ಸಿಕ್ಕರೆ ಇನ್ನೊಮ್ಮೆ ಅದು ಬರದಂತೆ ಬಾಗಿಲು ಹಾಕಬಹುದು ಎಂಬ ಆಸೆ.

ಡಾಕ್ಟರು ಅವನನ್ನು ಕೂರಿಸಿಕೊಂಡು ಹೇಳಿದರು. ರಕ್ತದ ಪರೀಕ್ಷೆ ಸರಿಯಾಗಿತ್ತು, ಗುಳಿಗೆ ಹೆಚ್ಚಾಗಿರಲಿಲ್ಲ. ತೆಗೆದ ನೀರಿನಲ್ಲಿ ಸೋಂಕು ಕಾಣಲಿಲ್ಲ. ಹೊಲಿಗೆಗಳು ಗಟ್ಟಿಯಾಗಿವೆ. ಹೃದಯದ ಆಪರೇಷನ್ ಆದ ಕೆಲವರಿಗೆ, ಮನೆಗೆ ಹೋಗಿ ದಿನಗಳು, ವಾರಗಳು ಕಳೆದ ಮೇಲೂ ಹೀಗೆ ನೀರು ತುಂಬಿಕೊಳ್ಳುತ್ತದೆ.

"ಇವರಿಗೆ ಯಾಕ ಬಂತು, ಬಾಜೂ ಮಂಚದವರಿಗೆ ಯಾಕ ಬರಲಿಲ್ಲ ಅಂದ್ರ, ನಮಗ ಗೊತ್ತಿಲ್ಲ ಹೇಮಪ್ಪ. ಖರೇನ ಗೊತ್ತಿಲ್ಲ. ನಿಮ್ಮ ಮನ್ಯಾಗ ಯಾರ ತಪ್ಪೂ ಇಲ್ಲ."

ಮತ್ತೆ ಬರಬಹುದೇ ಎಂದು ಹೇಮಪ್ಪ ಕೇಳಿದ. ಬರಬಹುದು ಎಂದರು ಡಾಕ್ಟರು, ಅದಕ್ಕೇ ಹೇಳಿದ ದಿನ ತಪ್ಪದೆ ಬಂದು ಎಕೋ ಮಾಡಿಸಬೇಕು. ರಕ್ತ ತೆಳ್ಳಗಾಗುವ ಗುಳಿಗೆಯನ್ನು ಅವರೇ ಆಸ್ಪತ್ರೆಯಲ್ಲಿ ಕಣ್ಣಿಟ್ಟು ಕೆಲವು ದಿನ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಮನೆಯಲ್ಲಿ ತಾವಾಗಿಯೇ ಬಿಟ್ಟಿದ್ದರೆ ಲೋಹದ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಹಿಡಿದು ನಿಂತುಬಿಡುವ ಅಪಾಯವಿತ್ತು ಎಂದೂ ತಿಳಿಸಿದರು. ತನ್ನ ತಾಯಿ ನಾಲ್ಕು ದಿನ ಬಿಟ್ಟು ನೋಡೋಣ ಎಂದದ್ದು ಹೇಮಪ್ಪನಿಗೆ ನೆನಪಾಯಿತು.

ದುರುಗವ್ವ ಮನೆಗೆ ಬಂದಳು. ಆದರೆ ಆ ಮನೆಯ ಅಂಜಿಕೆ ಒಮ್ಮೆಲೇ ಹೋಗಲಿಲ್ಲ. ಕಾರಣವೇ ಗೊತ್ತಿಲ್ಲದ್ದು ಯಾವ ದಿನ ಬೇಕಾದರೂ ಬರಬಹುದಲ್ಲ. ಅವಳು ಕೆಮ್ಮಿದರೆ ಹುಲಿಗೆವ್ವ ಒಲೆ ಬಿಟ್ಟು ಓಡಿ ಬರುವಳು. ಮುಂದಿನ ಎಕೋದಲ್ಲಿ ಸ್ವಲ್ಪ ನೀರು ಇನ್ನೂ ಉಳಿದಿದೆ ಎಂದಾಗ ಮೂವರೂ ಮತ್ತೆ ಬೆವತರು. ಗುಳಿಗೆ ಕೊಟ್ಟರು, ಹತ್ತಿರದ ದಿನಕ್ಕೆ ಮತ್ತೆ ಬರಹೇಳಿದರು. ಅದರ ಮುಂದಿನ ಸಲ ನೀರು ಕಾಣಲಿಲ್ಲ. ಆದರೂ ಈಗ ಹೇಮಪ್ಪ ಬೆಳಿಗ್ಗೆ ಎದ್ದವನೇ ಹೆಂಡತಿಗೆ ಕೇಳುವುದು ರಾತ್ರಿ ಹೇಗೆ ಮಲಗಿದ್ದೆ ಎಂದು. ದುರುಗವ್ವ ಇದ್ದದ್ದನ್ನು ಹೇಳುತ್ತಾಳೆ. ಒಂದು ಸಲ ಎದೆ ಬಡಿತ ತಪ್ಪಿದಂತಾಗುತ್ತದೆ ಎಂದಳು. ಅವನು ಅಂದೇ ಫೋನ್ ಮಾಡಿದ. ಕೊಪ್ಪಳಕ್ಕೆ ಹೋಗಿ ತೋರಿಸಿಕೊಂಡು ಬಂದರು. ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ಹೋಗಿ ಬಂದೆವು ಎಂದು ಯಾರೂ ಅನ್ನಲಿಲ್ಲ.

ಈಚೆಗೆ ಸಾಣಾಪುರದ ಹನುಮಣ್ಣ ಎಂಬಾತ ವಾಲ್ವ್ ಹಾಕಿಸಿಕೊಂಡು ಮನೆಗೆ ಬಂದ ಸುದ್ದಿ ತಿಳಿಯಿತು. ಹುಲಿಗೆವ್ವ ತಾನೂ ನೋಡಿ ಬರುತ್ತೇನೆ ಎಂದು ಹೊರಟಳು. ಅಲ್ಲಿ ಬಂದವರೆಲ್ಲ ಹನುಮಣ್ಣನಿಗೆ ಏನು ಉಣ್ಣಬೇಕು, ಏನು ಬಿಡಬೇಕು ಎಂದು ಹೇಳುತ್ತಿದ್ದರು. ಹುಲಿಗೆವ್ವ ಅವರ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಅವನ ಹೆಂಡತಿಯನ್ನು ಹತ್ತಿರ ಕರೆದಳು.

"ಅಂಗಾತ ಮಲಗಾಕ ಆಗ್ತೈತೇನವಾ ಅವಂಗ? ದಿನಾ ಕೇಳು. ಆಗೂದಿಲ್ಲ ಅಂದ ದಿನ ನಮ್ಮಂಗ ಕಾಯ್ಬ್ಯಾಡ. ಯಾಕ ಬಂತು ಅಂತ ಆಮ್ಯಾಲೆ ಕೇಳಿದ್ರಾತು, ಮೊದಲ ಕರ್ಕೊಂಡು ಹೋಗು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೃದಯದ ಆಪರೇಷನ್ ಆಗಿ ಬಂದವರು ಇದ್ದಾರೆಯೇ? ಹಾಗಿದ್ದರೆ ಇಂದೇ ಹೋಗಿ ಅವರ ಪಕ್ಕದಲ್ಲಿ ಕೂತು ಕೇಳಿ. ನಿನ್ನೆಗಿಂತ ಇಂದು ಸುಸ್ತು ಹೆಚ್ಚಾಗಿದ್ದರೆ, ಮಲಗಿದರೆ ಉಸಿರು ಕಟ್ಟಿದರೆ, ಎದ್ದರೆ ತಲೆ ತಿರುಗಿದರೆ, ಕಾಲು ಬಾತರೆ, ಒಂದಕ್ಕೆ ಹೋಗುವುದು ಕಡಿಮೆಯಾದರೆ, ಜ್ವರ ಬಂದರೆ, ಎದೆ ಬಡಿತ ಏರುಪೇರಾದರೆ ಅದಕ್ಕೆ ಅಶಕ್ತಿ ಎಂದು ಹೆಸರಿಟ್ಟು ಕೂರಬೇಡಿ. ಕೂಡಲೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ತಡವಾಗುವಂತಿದ್ದರೆ ನೂರಾ ಎಂಟಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ವಾಲ್ವ್ ಹಾಕಿಸಿದ ಸಂಗತಿಯನ್ನು ಎಲ್ಲಕ್ಕಿಂತ ಮೊದಲು ಹೇಳಿ. ಡಾಕ್ಟರು ಹೇಳದೆ ಗುಳಿಗೆ ಬಿಡಬೇಡಿ, ಗೊತ್ತಿಲ್ಲದವರ ಕೈಯಿಂದ ಸೂಜಿ ಚುಚ್ಚಿಸಬೇಡಿ.

ಆಪರೇಷನ್ ಆಗಿರುವುದು ನಿಮಗೇ ಆದರೆ, ಮನೆಯವರು ಹೆದರುತ್ತಾರೆಂದು ನಿಮ್ಮ ಸಂಕಟವನ್ನು ಬಚ್ಚಿಡಬೇಡಿ. ಅವರು ಹೆದರಲಿ. ಹೆದರಿ, ನಿಮ್ಮನ್ನು ಕರೆದುಕೊಂಡು ಹೊರಡಲಿ.